ಬಹಾಯಿ ಧರ್ಮಕ್ಕೆ ನಾನು ಹಾಕಿದ ಅಂಕಗಳು

ನಾನು ನಿಷ್ಪಕ್ಷಪಾತಿ. ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಕಾಯಿಲೆಯ ಹೆಸರು ಹೇಳುವವನಂತೆ ತಗ್ಗಿದ ದನಿಯಲ್ಲಿ ಹೇಳುತ್ತೇನೆ. ತೊಂಬತ್ತರ ದಶಕದ ನಡುವಿನಲ್ಲಿ ಅಮೆರಿಕದ ರಾಕ್‌ವಿಲ್‌ನ ಒಂದು ಕಚೇರಿಯಲ್ಲಿ ಸರ್ಕಾರಿ ಟೆಂಡರ್‌ಗಳಿಗೆ ಅಂಕ ಹಾಕುವುದು ನನ್ನ ಕೆಲಸವಾಗಿತ್ತು. ಗುಣಕ್ಕೊಂದು ಕಾಲಂ, ದೋಷಕ್ಕೊಂದು ಕಾಲಂ, ಕೊನೆಗೆ ಮೊತ್ತ. ಈ ಚಾಳಿ ಕಚೇರಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಕನ್ನಡ ಕೂಟದ ಯುಗಾದಿ ಊಟಕ್ಕೆ ಯಾರ ಮನೆಯ ಪುಳಿಯೋಗರೆ ಎಂಬ ಜಗಳವನ್ನೂ ನಾನು ಕಾಲಂ ಎಳೆದೇ ಬಗೆಹರಿಸಿದ್ದೆ. ಆಮೇಲೆ ಎರಡೂ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ನ್ಯಾಯ ಸರಿಯಾಗಿದ್ದುದಕ್ಕೆ ಅದೇ ಸಾಕ್ಷಿ ಎಂದುಕೊಂಡೆ.

ನನ್ನ ಹೆಂಡತಿ ವಿಮಲಾ ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ದಿನವಿಡೀ ಅಪಾರ್ಟ್‌ಮೆಂಟಿನ ಗೋಡೆ ನೋಡುತ್ತಿದ್ದಳು, ಸಂಜೆ ನನ್ನನ್ನು ನೋಡುತ್ತಿದ್ದಳು. ಎರಡರಲ್ಲಿ ಹೆಚ್ಚು ಮಾತಾಡುತ್ತಿದ್ದುದು ಯಾವುದು ಎಂದು ನಾನು ಹೇಳಲಾರೆ. ನಮ್ಮ ಮೇಲಿನ ಮಹಡಿಯಲ್ಲಿ ಬೆಹ್ರೂಜ್ ಅಂಕಲ್, ಮಾಹೀನ್ ಆಂಟಿ ಇದ್ದರು. ಇರಾನಿನಲ್ಲಿ ಹುಟ್ಟಿದ ಬಹಾಯಿ ಧರ್ಮಕ್ಕೆ ಸೇರಿದವರೆಂಬ ಒಂದೇ ಕಾರಣಕ್ಕೆ ಅದೇ ಇರಾನಿನಲ್ಲಿ ಕೆಲಸ, ಮನೆ ಎಲ್ಲ ಕಳೆದುಕೊಂಡು ಬಂದವರು. ಅವರ ಮನೆಯಲ್ಲಿ ಗುರುವಾರ ಸಂಜೆ ಚಹಾ, ಪ್ರಾರ್ಥನೆ, ಮಾತುಕತೆ ನಡೆಯುತ್ತಿತ್ತು. ವಿಮಲಾ ಹೋಗತೊಡಗಿದಳು. ಕೆಲವು ತಿಂಗಳು ಕಳೆದ ಮೇಲೆ ಒಂದು ಕಾರ್ಡ್ ಹಿಡಿದುಕೊಂಡು ಇಳಿದು ಬಂದಳು. ಅದಕ್ಕೆ ಸಹಿ ಹಾಕಿದರೆ ಬಹಾಯಿ ಸಮುದಾಯಕ್ಕೆ ಸೇರಿದಂತೆ.

"ಸೈನ್ ಮಾಡೋಣ ಅನ್ಸ್ತಿದೆ. ನೀವೇನಂತೀರಾ?" ಎಂದಳು.

ಬೇರೆ ಗಂಡಸಾಗಿದ್ದರೆ ಕೂಗಾಡುತ್ತಿದ್ದ, ಇಲ್ಲವೇ ನಿನ್ನಿಷ್ಟ ಎನ್ನುತ್ತಿದ್ದ. ನಾನು ಒಳಗಿನವರನ್ನೂ ಟೀಕಿಸುವವರನ್ನೂ ಸಮನಾಗಿ ವಿಚಾರಿಸಿ ವರದಿ ಕೊಡುತ್ತೇನೆ, ಅಲ್ಲಿಯವರೆಗೆ ಕಾರ್ಡ್ ನನ್ನ ಫೈಲಿನಲ್ಲಿರಲಿ ಎಂದೆ. ಅವಳು ಕಾರ್ಡ್ ಕೊಟ್ಟು ಅಡುಗೆಮನೆಗೆ ಹೋದಳು.

ಒಳಗಿನವರ ಪರವಾಗಿ ಬೆಹ್ರೂಜ್ ಅಂಕಲ್ ಸಿಕ್ಕರು. ಗುರುವಾರ ಹೋದರೆ ಮನಸ್ಸು ಒಂದು ಕಡೆ ವಾಲೀತು ಎಂದು ಅವರನ್ನು ಲಾಂಡ್ರಿ ರೂಮಿನಲ್ಲೇ ಹಿಡಿದು ಪ್ರಶ್ನೆ ಕೇಳುತ್ತಿದ್ದೆ. ವಿರೋಧದ ಪರವಾಗಿ ಸಿಕ್ಕವನು ಆ ಧರ್ಮ ಬಿಟ್ಟು ಬಂದಿದ್ದ ನಮ್ಮ ಆಫೀಸಿನ ಕೀತ್. ನನಗೆ ಇಬ್ಬರೂ ದ್ರೋಹ ಮಾಡಿದರು. ಅಂಕಲ್ ಹೊಗಳಲಿ, ಕೀತ್ ಬೈಯಲಿ, ನಡುವೆ ನಾನು ದೊಡ್ಡ ಮನುಷ್ಯನಾಗಿ ಕೂರೋಣ ಎಂದಿದ್ದೆ. ಅಂಕಲ್, ಮನುಕುಲವೆಲ್ಲ ಒಂದೇ, ಗಂಡು ಹೆಣ್ಣು ಸಮಾನ, ಪುರೋಹಿತರಿಲ್ಲ ಎಂದೆಲ್ಲ ಹೇಳಿದರು. ಹಾಗಾದರೆ ಇಡೀ ಧರ್ಮವನ್ನು ನಡೆಸುವ ನಿಮ್ಮ ಒಂಬತ್ತು ಜನರ ಮೇಲ್ಮಂಡಳಿಯಲ್ಲಿ ಹೆಂಗಸರು ಯಾಕಿಲ್ಲ ಎಂದು ನಾನು ಕೇಳಿದೆ. ಅವರು ಟವೆಲ್ ಮಡಿಸುತ್ತ, ಅದು ನಮ್ಮ ಗ್ರಂಥದಲ್ಲಿರುವ ಮಾತು, ಕಾರಣ ಮುಂದೆ ತಿಳಿಯುತ್ತದೆ ಎಂದು ನಂಬಿದ್ದೇವೆ, ನನ್ನ ಮಗಳಿಗೆ ಮಾತ್ರ ಈ ಉತ್ತರ ಸಾಲುತ್ತಿಲ್ಲ ಎಂದು ತಾವಾಗಿಯೇ ಒಪ್ಪಿಕೊಂಡರು. ಕೀತ್, ಧರ್ಮದ ಬಗ್ಗೆ ಬರೆದದ್ದನ್ನು ಅಚ್ಚಿಗೆ ಮೊದಲು ಸಮುದಾಯದ ಪರಿಶೀಲನೆಗೆ ಕೊಡಬೇಕಾದದ್ದು ತನಗೆ ಉಸಿರು ಕಟ್ಟಿಸಿತು ಎಂದ. ಆದರೆ ತನ್ನ ತಾಯಿ ಹಾಸಿಗೆ ಹಿಡಿದಾಗ ದಿನಾ ಬಂದು ಕೂತವರು ಅದೇ ಜನ ಎಂದೂ ಹೇಳಿ ಕಣ್ಣೊರೆಸಿಕೊಂಡ. ಇಂಥವರನ್ನು ಇಟ್ಟುಕೊಂಡು ತೂಗುವುದಾದರೂ ಹೇಗೆ?

ಆದರೂ ತೂಗಿದೆ. ಹನ್ನೆರಡು ಪುಟದ ವರದಿಯಾಯಿತು. ಹಿಂಸೆಯನ್ನು ಸಹಿಸಿದ್ದಕ್ಕೆ ಇಷ್ಟು, ಮೇಲ್ಮಂಡಳಿಯಲ್ಲಿ ಹೆಂಗಸರಿಲ್ಲದ್ದಕ್ಕೆ ಹತ್ತು ಅಂಕ ಕಡಿತ. ಕೊನೆಗೆ ಎರಡೂ ಕಡೆ ಸರಿಸಮ ಬಂತು. ಬಂತು ಎನ್ನುವುದು ಸುಳ್ಳು, ಬರಿಸಿದೆ. ಸರಿಸಮವಾದರೆ ಕಾರ್ಡ್ ಫೈಲಿನಲ್ಲೇ ಉಳಿಯುತ್ತದಲ್ಲ. ಮೇಲಿನ ಮನೆಯಿಂದ ಇಳಿದು ಬರುವಾಗ ವಿಮಲಾಳ ಮುಖದಲ್ಲಿರುತ್ತಿದ್ದ ಕಳೆ ನನ್ನಿಂದ ಒಂದು ದಿನವೂ ಬಂದದ್ದಲ್ಲ. ಅದು ನನ್ನ ಹೊಟ್ಟೆ ಉರಿಸುತ್ತಿತ್ತು.

ಭಾನುವಾರ ಕಾಫಿಯ ಜೊತೆ ವರದಿ ಕೊಟ್ಟೆ. ಟೀಚರ್ ಆಗಿದ್ದವಳು, ಒಂದಕ್ಷರ ಬಿಡದೆ ಓದಿದಳು. ಹತ್ತು ಅಂಕ ಕಳೆದ ಜಾಗದಲ್ಲಿ ಬೆರಳಿಟ್ಟು, ಹೆಂಗಸರಿಲ್ಲದ್ದು ನನಗೂ ಸರಿ ಕಾಣಲಿಲ್ಲ, ಮಾಹೀನ್ ಆಂಟಿಯ ಹತ್ತಿರ ಎರಡು ಗುರುವಾರ ಇದನ್ನೇ ವಾದ ಮಾಡಿದ್ದೇನೆ ಎಂದಳು. ನನಗೆ ಖುಷಿಯಾಯಿತು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಅಲ್ಲಿ ಒಂಬತ್ತು ಜನ ಗಂಡಸರು ಡಿಸೈಡ್ ಮಾಡ್ತಾರೆ. ಅವರನ್ನ ಆರಿಸೋದಕ್ಕಾದ್ರೂ ಎಲೆಕ್ಷನ್ ಇದೆ. ಇಲ್ಲಿ ನೀವೊಬ್ರೇ. ನಿಮ್ಮನ್ನ ಯಾರು ಆರಿಸಿದ್ದು?"

ನಾನು ಪುಟ ತಿರುವಿದೆ. ಅದಕ್ಕೆ ಕಾಲಂ ಇರಲಿಲ್ಲ.

"ಅವರ ಮನೇಲಿ ನಿನಗೇನು ಅನ್ಸುತ್ತೆ ಅಂತ ಕೇಳ್ತಾರೆ. ಹನ್ನೆರಡು ಪುಟ ಬರೆದ್ರಲ್ಲ, ನನ್ನನ್ನ ಒಂದು ಸಲ ಕೇಳಿದ್ರಾ?"

ಕೂಗಲಿಲ್ಲ, ಅಳಲಿಲ್ಲ. ಫೈಲಿನಿಂದ ಕಾರ್ಡ್ ತೆಗೆದುಕೊಂಡು ವರದಿಯನ್ನು ನನ್ನ ಕಡೆ ಸರಿಸಿದಳು. ಸಹಿ ಹಾಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೂ ಗುರುವಾರ ಮಾತ್ರ ತಪ್ಪದೆ ಮೇಲೆ ಹೋಗುತ್ತಿದ್ದಳು, ಬಂದು ನನಗೆ ಊಟ ಬಡಿಸುತ್ತಿದ್ದಳು. ಪರರನ್ನು ವಾರಗಟ್ಟಲೆ ಪಾಟೀಸವಾಲು ಮಾಡಿದ ನಾನು ಹೆಂಡತಿಯನ್ನು ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಭಯ, ಬರೀ ಕಾರ್ಡಿನ ವಿಷಯವೊಂದನ್ನೇ ಅಲ್ಲ, ನನ್ನ ವಿಷಯವನ್ನೂ.