ಬಂಡಿದಾರಿ ಮಸೂದೆಗೆ ನಾನು ಕೊಟ್ಟ ಬೆಂಬಲ

ಶಾಸಕರ ಮನೆಯ ಜಗುಲಿಯಲ್ಲಿ ಬೆಳಿಗ್ಗೆ ಒಂದು ಗಳಿಗೆ ಕೂತರೆ ಸಾಕು, ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಾನಂತೂ ನನ್ನ ಆಯುಸ್ಸಿನ ಒಳ್ಳೆಯ ಭಾಗವನ್ನು ಅಲ್ಲಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೇ ಕಳೆದಿದ್ದೇನೆ. ಶಾಸಕ ನನ್ನ ಅಕ್ಕನ ಮಗ. ಅವನನ್ನು ಜನ ಗೆಲ್ಲಿಸಿದರು. ನನ್ನನ್ನು ಯಾರೂ ಗೆಲ್ಲಿಸಿಲ್ಲ, ಹಾಗಾಗಿ ನನ್ನನ್ನು ಸೋಲಿಸೋದಕ್ಕೂ ಯಾರಿಂದಲೂ ಆಗುವುದಿಲ್ಲ. ರಾಜ್ಯದಲ್ಲಿ ಇಷ್ಟು ಭದ್ರವಾದ ಕುರ್ಚಿ ಇನ್ನೊಂದಿಲ್ಲ.

ಕ್ಷೇತ್ರ ಯಾವುದು ಅಂತ ಮಾತ್ರ ಕೇಳಬೇಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಕಡೆ ನನಗೆ ನೆಂಟರಿದ್ದಾರೆ. ಒಂದರ ಹೆಸರು ಹೇಳಿದರೆ ಉಳಿದ ಮೂರು ಕಡೆ ಬೀಗರೂಟ ತಪ್ಪುತ್ತದೆ.

ಎಮ್ಮೆಲ್ಲೆ ಪವರ್ರು

ಒಂದು ಬೆಳಿಗ್ಗೆ ಒಬ್ಬ ಯಜಮಾನರು ಬಂದರು. ಹಿಂದೆ ಊರಿನ ನಾಲ್ಕೈದು ಜನ.

"ಟ್ರಾನ್ಸ್‌ಫಾರ್ಮರ್ ಸುಟ್ಟೋಗಿತ್ತು ಸಾ."

"ಹೊಸದು ಹಾಕಿಸ್ತೀನಿ ಬಿಡಿ," ಅಂದ ಅಳಿಯ.

"ನೆನ್ನೆನೇ ಹಾಕ್ಬುಟ್ರು ಸಾ."

"ಮತ್ತೇನು ಸಮಸ್ಯೆ?"

"ಅದೇ ಸಮಸ್ಯೆ. ನೀವು ಫೋನ್ ಮಾಡ್ದೇನೇ ಹಾಕ್ಬುಟ್ಟವ್ರೆ. ನಾನು ಎಮ್ಮೆಲ್ಲೆಗೆ ಏಳಿ ಮಾಡಿಸ್ತೀನಿ ಅಂತ ಊರ್ನಾಗೆ ಮಾತು ಕೊಟ್ಟಿವ್ನಿ. ನಮ್ಮೋರು ಬಂದವ್ರೆ, ಅವ್ರ ಎದುರಿಗೆ ಒಂದು ಫೋನ್ ವಡೀರಿ, ಯಾರಿಗಾದ್ರೂ ಸರಿ."

ಕೆಲಸ ಮುಗಿಸಿಕೊಟ್ಟ ಇಂಜಿನಿಯರಿಗೆ ಏನಂತ ಫೋನ್ ಮಾಡೋದು? ಅಳಿಯ ಒಂದು ಕ್ಷಣ ಯೋಚಿಸಿ ನಂಬರು ಒತ್ತಿದ. ಗೇಟಿನ ಹತ್ತಿರ ನಿಂತಿದ್ದ ನನ್ನ ಜೇಬು ಗುಂಯ್‌ಗುಟ್ಟಿತು. "ಏನ್ರೀ, ಟ್ರಾನ್ಸ್‌ಫಾರ್ಮರ್ ಹಾಕಿ ಅಂದ್ರೆ ಹಾಕ್ಬೇಕು!" ಅನ್ನುವ ಗುಡುಗು ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಜಗುಲಿಯಿಂದ ಬಂತು. ನಾನು ದಾಸವಾಳದ ಗಿಡದ ಹಿಂದೆ ಸರಿದು, "ಹಾಕಿದೀನಿ ಸಾರ್, ನೆನ್ನೆನೇ ಹಾಕಿದೀನಿ ಸಾರ್," ಅಂದೆ. ನಿಜವಾದ ಇಂಜಿನಿಯರ್ ಕೂಡ ಅಷ್ಟು ಚೆನ್ನಾಗಿ ನಡುಗಿದವನಲ್ಲ.

ಯಜಮಾನರು ಎದೆಯುಬ್ಬಿಸಿ ಊರಿನವರ ಕಡೆ ತಿರುಗಿದರು. "ನೋಡುದ್ರಲಾ! ಇವತ್ತು ಫೋನ್ ಮಾಡುದ್ರೆ ನೆನ್ನೆನೇ ಕೆಲ್ಸ ಆಯ್ತದೆ. ಇದು ಪವರ್ರು ಅಂದ್ರೆ!"

ಶುಂಠಿಯಮ್ಮ

ಆ ಗುಂಪು ಹೋದ ಮೇಲೆ ಒಬ್ಬ ಹೆಂಗಸು ಮುಂದೆ ಬಂದಳು. ಐವತ್ತು ದಾಟಿದ ಗಟ್ಟಿ ಜೀವ. ಸೆರಗಿನಿಂದ ಒಂದು ಹಿಡಿ ಹಸಿಶುಂಠಿ ತೆಗೆದು, ಮಣ್ಣಿನ ಸಮೇತ ಅಳಿಯನ ಮೇಜಿನ ಮೇಲೆ ಇಟ್ಟಳು. ಅಲ್ಲಿಂದ ನಮ್ಮ ಜಗುಲಿಯಲ್ಲಿ ಅವಳಿಗೆ ಶುಂಠಿಯಮ್ಮ ಅಂತಲೇ ಹೆಸರಾಯಿತು.

"ಇದು ಸುಂಟಿ ಕಣಪ್ಪ. ಮಿಕ್ಕಿದ್ದೆಲ್ಲ ಒಲದಾಗೆ ಐತೆ. ವರ್ಸದ ಬೆಳೆ ಅಂದ್ರೆ ನಂಗೆ ಇದೊಂದೇಯ."

"ಚೆನ್ನಾಗಿದೆ. ಕೀಳಿಸಿ ಮಾರಿ."

"ಕಿತ್ರೆ ಸಾಕಾ, ಈಚೆಗೆ ಬರ್ಬ್ಯಾಡ್ವಾ? ವಯನಾಡಿನ ವ್ಯಾಪಾರಿ, ಗಾಡಿ ಒಲದ ತಾವ್ಕೆ ಬಂದ್ರೆ ಮಾತ್ರ ತಕ್ಕತೀನಿ ಅಂತಾನೆ. ನಮ್ಮ ಬಂಡಿದಾರಿಗೆ ಅಡ್ಡಲಾಗಿ ಕಟ್ಟಡ ಎದ್ಬುಟ್ಟೈತೆ. ಮುಂಗಾರು ಉಯ್ಯೋದ್ರೊಳಗೆ ಆಚೆಗೆ ಬರ್ನಿಲ್ಲ ಅಂದ್ರೆ ನೆಲದಾಗೇ ಕೊಳ್ತೋಯ್ತದೆ."

"ಯಾರು ಕಟ್ಟಿಸಿದ್ದು?"

"ನಾನ್ಯಾಕೆ ಏಳ್ಲಿ? ನೀವೇ ಬಂದು ನೋಡಿ."

ಅಳಿಯ ಎದ್ದು ನಿಂತ. ಅವನು ಎದ್ದು ನಿಂತ ಅಂದರೆ ಭಾಷಣ ಬರುತ್ತದೆ ಅಂತ ಅರ್ಥ. "ಅಮ್ಮಾ, ಒಂದು ದಾರಿ ಬಿಡಿಸೋದು ಅಧಿಕಾರಿಗಳ ಕೆಲಸ. ಶಾಸಕನ ಕೆಲಸ ಕಾನೂನು ಮಾಡೋದು. ಇಡೀ ರಾಜ್ಯದ ಬಂಡಿದಾರಿಗಳನ್ನೇ ಬಿಡಿಸೋ ಮಸೂದೆ ತರ್ತೀನಿ!"

ಜಗುಲಿಯೆಲ್ಲ ಚಪ್ಪಾಳೆ. ನಾನೇ ಶುರು ಮಾಡಿದ್ದು.

ಶುಂಠಿಯಮ್ಮ ಚಪ್ಪಾಳೆ ನಿಲ್ಲುವ ತನಕ ಕಾದು ಕೇಳಿದಳು, "ಅದುಕ್ಕೆ ಎಷ್ಟು ದಿನ ಆಯ್ತದಪ್ಪ?"

"ಒಂದೆರಡು ಅಧಿವೇಶನ ಆಗಬಹುದು."

"ನಂಗೇನೋ ಪುರುಸೊತ್ತು ಐತೆ ಕಣಪ್ಪ. ಸುಂಟಿಗಿಲ್ಲ."

ಅಳತೆಗೊಂದು ಬಂಡಿ

ಕರಡು ಬರೆಯಲು ಒಬ್ಬ ನಿವೃತ್ತ ವಕೀಲರನ್ನು ಕರೆತಂದೆವು. ವಕೀಲರು ಬರೆಯೋದು, ನಾನು ತಿದ್ದೋದು. ದಾರಿಗೆ ಬಾಗಿದ ತೆಂಗಿನ ಮರದ ಎಳನೀರು ಶಾಸಕರ ಸಮೀಪದ ಬಂಧುಗಳಿಗೆ ಸೇರತಕ್ಕದ್ದು ಅನ್ನುವ ನನ್ನ ಕಲಮು ಕೊನೆಯ ಗಳಿಗೆಯಲ್ಲಿ ಬಿದ್ದುಹೋಯಿತು. ರಾಜ್ಯಕ್ಕೇ ನಷ್ಟ.

ಬಂಡಿದಾರಿಯ ಅಗಲ ಎಷ್ಟಿರಬೇಕು ಅನ್ನುವಲ್ಲಿ ಪೆನ್ನು ನಿಂತಿತು. "ಒಂದು ಎತ್ತಿನ ಗಾಡಿ ಅಳೆದು ನೋಡೋಣ," ಅಂದರು ವಕೀಲರು. ಹೋಬಳಿಯೆಲ್ಲ ಹುಡುಕಿದೆವು. ಟ್ರ್ಯಾಕ್ಟರು, ಟಿಲ್ಲರು, ಗೂಡ್ಸ್ ಆಟೋ ಎಲ್ಲ ಸಿಕ್ಕವು. ಎತ್ತಿನ ಗಾಡಿ ಇಲ್ಲ. ಕೊನೆಗೆ ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಇದೆ ಅಂತ ಸುದ್ದಿ ಬಂತು. ಹೋದೆವು. ಹುಲ್ಲುಹಾಸಿನ ಮೇಲೆ ಬಣ್ಣ ಬಳಿದು, ನೊಗಕ್ಕೆ ಸೇವಂತಿಗೆ ಕುಂಡ ನೇತುಹಾಕಿ ನಿಲ್ಲಿಸಿದ್ದರು.

"ಫೋಟೋಗೆ ಸಂಜೆ ಬನ್ನಿ ಸಾರ್, ಈಗ ಗೆಸ್ಟುಗಳಿದ್ದಾರೆ," ಅಂದ ಮ್ಯಾನೇಜರು.

"ಫೋಟೋಗಲ್ಲ ಕಣ್ರೀ, ಕಾನೂನಿಗೆ," ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಹೆದರಿ ಒಳಗೆ ಬಿಟ್ಟ.

ವಕೀಲರು ಟೇಪು ಹಿಡಿದು ನೊಗದ ಕೆಳಗೆ ಬಗ್ಗಿದರು. ಅದೇ ಗಳಿಗೆಗೆ ಗೆಸ್ಟುಗಳು ಓಡಿ ಬಂದು ಪಟಪಟನೆ ಕ್ಲಿಕ್ಕಿಸಿದರು. ಕಾನೂನಿಗೆ ಅಳತೆ ಸಿಕ್ಕಿತು. ಯಾವುದೋ ದೂರದೂರಿನ ಮನೆಗಳಲ್ಲಿ ಮಾತ್ರ ಇವತ್ತಿಗೂ ನಮ್ಮ ವಕೀಲರ ಫೋಟೋ ತೋರಿಸಿ, "ಆ ಕಡೆ ಗಾಡಿಗೆ ಎತ್ತು ಕಟ್ಟಲ್ಲ, ವಯಸ್ಸಾದವರನ್ನ ಕಟ್ತಾರೆ," ಅಂತಿರಬೇಕು.

ಕೈ ಎತ್ತಿದವನು

ಮಸೂದೆಗೆ ಜನಾಭಿಪ್ರಾಯ ಬೇಕು ಅಂತ ಶಾಲೆಯ ಮೈದಾನದಲ್ಲಿ ಸಭೆ ಕರೆದೆವು. ಅಳಿಯ ಮೈಕ್ ಹಿಡಿದು, "ಹೊಲಕ್ಕೆ ದಾರಿ ಬೇಕು ಅನ್ನೋರು ಕೈ ಎತ್ತಿ," ಅಂದ. ಮೈದಾನ ಕಾಣದಷ್ಟು ಕೈ. ಕೆಲವರು ಎರಡೆರಡು ಎತ್ತಿದ್ದರು. ಶುಂಠಿಯಮ್ಮ ಮುಂದಿನ ಸಾಲಿನಲ್ಲಿ ನಿಂತೇ ಎತ್ತಿದ್ದಳು.

ಅಳಿಯನಿಗೆ ಹುರುಪು ಬಂತು. "ಅದಕ್ಕೆ ತಮ್ಮ ಹೊಲದಲ್ಲಿ ದಾರಿ ಬಿಡ್ತೀನಿ ಅನ್ನೋರು ಕೈ ಎತ್ತಿ!"

ಒಬ್ಬರು ಚಪ್ಪಲಿ ಸರಿಮಾಡಿಕೊಂಡರು. ಒಬ್ಬರಿಗೆ ಫೋನ್ ಬಂತು, ಅದು ಹೊಡೆದುಕೊಂಡದ್ದು ನಮಗಾರಿಗೂ ಕೇಳಿಸಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದೇ ಒಂದು ಕೈ ಮೇಲಿತ್ತು. ಅಳಿಯ ವೇದಿಕೆಯಿಂದ ಇಳಿದು ಹೋಗಿ, ಆ ಕೈ ಹಿಡಿದುಕೊಂಡು ಮೈಕಿನಲ್ಲಿ ಹೇಳಿದ, "ಇಂಥವರಿಂದ ನಾಡು ಉಳಿದಿದೆ! ನಿಮ್ಮ ಹೊಲ ಎಲ್ಲಿ ಬರುತ್ತೆ?"

"ಒಲನೇ ಇಲ್ಲ ಸಾ. ಹ್ಯಾಂಡ್‌ಪೋಸ್ಟ್ ಊರ್ನಾಗೆ ಮೊಬೈಲ್ ಅಂಗಡಿ. ನೆಂಟ್ರ ಮನೆಗೆ ಬಂದಿದ್ದೆ," ಅಂದ ಆ ಮನುಷ್ಯ, ಮೈಕಿನಲ್ಲೇ. "ಒಲ ಇದ್ದಿದ್ರೆ ನಾನೂ ಎತ್ತುತಿರ್ನಿಲ್ಲ ಬುಡಿ."

ಸದನ ನಡೆಯಲು ಬಿಡದವರು

ಅಂತೂ ಮಸೂದೆ ವಿಧಾನಸೌಧ ಮುಟ್ಟಿತು. ಸರ್ಕಾರ ತಾನಾಗಿ ತರುವುದಲ್ಲ ಇದು, ಸದಸ್ಯನೊಬ್ಬ ಸ್ವಂತವಾಗಿ ತರುವ ಖಾಸಗಿ ಮಸೂದೆ. ಅದಕ್ಕೆ ದಿನದ ಕೊನೆಯಲ್ಲಿ ಜಾಗ. ನಾನು ಹೊಸ ಪಂಚೆಯುಟ್ಟು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತೆ. ಅಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಮಾತಾಡುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಕೆಳಗೆ ಸದಸ್ಯರಿಗೆ ಆ ಕಟ್ಟುಪಾಡು ಇದ್ದ ಹಾಗೆ ಕಾಣಲಿಲ್ಲ.

ಮಧ್ಯಾಹ್ನ ಬೇರೆ ಯಾವುದೋ ವಿಷಯಕ್ಕೆ ಗದ್ದಲ ಎದ್ದಿತು. ಅಳಿಯನ ಪಕ್ಷದವರು ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗಿದರು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಎತ್ತರದ ದನಿ ಯಾರದು ಅಂತ ಬಗ್ಗಿ ನೋಡಿದರೆ ನಮ್ಮವನೇ. ನಮ್ಮ ವಂಶದ ಗಂಟಲು ಅದು, ಮೋಸವಿಲ್ಲ. ಸಭಾಧ್ಯಕ್ಷರು ಸಾಕಾಗಿ ಕಲಾಪವನ್ನು ಮರುದಿನಕ್ಕೆ ಮುಂದೂಡಿ ಎದ್ದುಹೋದರು.

ಕಾರಿಡಾರಿನಲ್ಲಿ ಅಳಿಯ ಬೆವರು ಒರೆಸಿಕೊಳ್ಳುತ್ತ ಸಿಕ್ಕಿದ.

"ಎಲ್ಲೋ ನಿನ್ನ ಮಸೂದೆ?" ಅಂದೆ.

"ಎಲ್ಲಿ ಬಂತು ಮಾವ, ಸದನ ನಡೆಯೋಕೇ ಬಿಡಲಿಲ್ಲ."

"ಯಾರು ಬಿಡ್ಲಿಲ್ಲ?"

ಅಳಿಯ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಹೇಳಿದ, "ನಾವೇ."

ಬಸ್ಸು ನಾಚಿಕೊಂಡು ಬರಲಿ ಅಂತ

ಊರಿಗೆ ಬರುವ ಹೊತ್ತಿಗೆ ಶುಂಠಿಯಮ್ಮ ಜಗುಲಿಯಲ್ಲಿ ಕೂತಿದ್ದಳು. "ಟೀವಿನಾಗೆ ನೋಡ್ದೆ ಕಣಪ್ಪ. ನನ್ನ ದಾರಿಗೋಸ್ಕರ ಏನು ಅಂಗೆ ಕಿರುಚ್ಕೊಂಡ್ರಿ! ಗಂಟ್ಲು ನೋಯ್ನಿಲ್ವಾ?"

ಅಳಿಯನ ಮುಖ ನೋಡಬೇಕಾಗಿತ್ತು. ಮುಗಿಲು ಕೂಡ ಆಗಲೇ ಕಪ್ಪಿಟ್ಟುಕೊಳ್ಳುತ್ತಿತ್ತು. "ನಡೀರಿ, ನೋಡೇಬಿಡೋಣ ಯಾವನು ಕಟ್ಟಿದಾನೆ ಅಂತ," ಅಂದು ಕಾರು ಹತ್ತಿದ. ನಾನು, ವಕೀಲರು, ದಾರಿಯಲ್ಲಿ ಹತ್ತಿಸಿಕೊಂಡ ಸರ್ಕಾರಿ ಇಂಜಿನಿಯರು ಹಿಂದೆ. ಶುಂಠಿಯಮ್ಮ ಮುಂದಿನ ಸೀಟಿನಲ್ಲಿ.

ಅವಳ ಊರಿನ ರಸ್ತೆಯಲ್ಲಿ ಇಳಿದೆವು. ರಸ್ತೆಯಿಂದ ಹೊಲಕ್ಕೆ ಬಂಡಿದಾರಿ ತಿರುಗುವ ಬಾಯಲ್ಲೇ ಒಂದು ಬಸ್ ತಂಗುದಾಣ. ಮೂರು ಕಡೆ ಗೋಡೆ, ಮುಂದೆ ಬಯಲು, ಮೇಲೆ ತಾರಸಿ. ಹಿಂದಿನ ಗೋಡೆಯ ತುಂಬ, ಈ ತುದಿಯಿಂದ ಆ ತುದಿಗೆ, ನನ್ನ ಅಳಿಯನ ಮುಖ. ನಗುತ್ತಿದ್ದಾನೆ. ಬರೀ ಮೀಸೆಯೇ ಎರಡು ಮಂಚದಷ್ಟು ಉದ್ದ. ಕೆಳಗೆ 'ಶಾಸಕರ ಅನುದಾನ' ಅಂತ ಬರೆದಿತ್ತು.

ಇದರ ಗುದ್ದಲಿ ಪೂಜೆ ಆಗ ನನಗೆ ನೆನಪಾಯಿತು. ಒಂದೇ ಬೆಳಿಗ್ಗೆ ಐದಾರು ಕಡೆ ಗುದ್ದಲಿ ಪೂಜೆ ಇಟ್ಟುಕೊಂಡ ದಿನ ಅದು. ಗುದ್ದಲಿ ಎಲ್ಲಿ ಹಾಕು ಅಂದರೆ ಅಲ್ಲಿ ಹಾಕಿ, ತೆಂಗಿನಕಾಯಿ ಒಡೆದು ಅಳಿಯ ಮುಂದಿನ ಊರಿಗೆ ಓಡಿದ್ದ. ಜಾಗ ತೋರಿಸಿದವನು ಪಕ್ಕದ ಹೊಲದ ಲೀಡರು, ನಮ್ಮದೇ ಪಕ್ಷ. ಅವನೂ ಕಾರಿನ ಸದ್ದಿಗೆ ಓಡಿ ಬಂದ. ಒಳಗೆ ಅವನ ಮೇಕೆಗಳು ಮಲಗಿದ್ದವು.

"ಇಲ್ಲಿ ಬಸ್ಸು ಬರುತ್ತೇನಯ್ಯ?" ಅಂದ ಅಳಿಯ.

"ಇನ್ನೂ ಇಲ್ಲ ಅಣ್ಣ. ತಂಗುದಾಣ ಕಟ್ಟಿದ್ರೆ ನಾಚಿಕೆಗಾದ್ರೂ ಬತ್ತದೆ ಅಂತ ಕಟ್ಟಿಸ್ದೆ."

"ಇದು ಬಂಡಿದಾರಿ ಕಣಯ್ಯ! ಮಸೂದೆನಲ್ಲಿ ಬರೆಸಿದೀನಿ, ಯಾರೇ ಕಟ್ಟಿಸಿದ್ರೂ ಕೆಡವಬೇಕು ಅಂತ!"

"ಕೆಡವಿ ಅಣ್ಣ, ನಂದೇನಿಲ್ಲ," ಅಂದ ಲೀಡರು ಬಲು ವಿನಯದಿಂದ. "ಎಮ್ಮೆಲ್ಲೆ ಮಖಕ್ಕೆ ಆರೆ ಹಾಕುದ್ರು ಅಂತ ವಿಡಿಯೋ ಮಾಡಿ ನಮ್ಮ ಹುಡುಗ್ರೇ ಗ್ರೂಪಿಗೆ ಬುಡ್ತಾರೆ, ಅಷ್ಟೇಯ."

ತಿದ್ದುಪಡಿ

ಇಂಜಿನಿಯರು ಇನ್ನೊಂದು ಗಂಟು ಬಿಗಿದ. ಸಾರ್ವಜನಿಕ ಆಸ್ತಿ ಕೆಡವಬೇಕಾದರೆ ಮೇಲಿನಿಂದ ಆದೇಶ ಬರಬೇಕಂತೆ. ಅಷ್ಟು ಹೊತ್ತಿಗೆ ಮಸೂದೆಯೇ ಪಾಸಾಗಬಹುದಂತೆ. ವಕೀಲರು ಹೌದು ಹೌದು ಅಂದರು. ದೂರದಲ್ಲಿ ಗುಡುಗಿತು.

ಶುಂಠಿಯಮ್ಮ ತಂಗುದಾಣದ ಒಳಗೆ ಹೋದಳು. ಮೇಕೆಗಳನ್ನು ಎಬ್ಬಿಸಿ ಓಡಿಸಿದಳು. ಮೇಲೆ ನೋಡಿದಳು, ಅಕ್ಕಪಕ್ಕ ನೋಡಿದಳು. ಆಮೇಲೆ ಇಂಜಿನಿಯರನ್ನು ಕೇಳಿದಳು, "ತಾರಸಿ ನಿಂತಿರೋದು ಕಂಬದ ಮ್ಯಾಗಾ, ಈ ಹಿಂದ್ಗೋಡೆ ಮ್ಯಾಗಾ?"

"ಕಂಬದ ಮೇಲೆ."

"ಅಂಗಾದ್ರೆ ಕಟ್ಟಡ ಇರ್ಲಿ ಬುಡಿ, ನಂಗೇನು ತೊಂದ್ರೆ ಇಲ್ಲ. ಈ ಗೋಡೆ ಮಧ್ಯದಾಗೆ ಮಾತ್ರ ಗೂಡ್ಸ್ ಆಟೋ ನುಗ್ಗೋವಷ್ಟು ತಕ್ಕೊಡಿ. ಹಿಂದ್ಲಿಂದ ಒಳ್ಗೆ ಬತ್ತದೆ, ಮುಂದ್ಲಿಂದ ರೋಡಿಗೆ ಓಯ್ತದೆ."

ಲೀಡರು ಬಾಯಿ ತೆರೆದ. ಅದು ಸಾರ್ವಜನಿಕರದು, ಯಾರು ಬೇಕಾದರೂ ಹಾಯಬಹುದು ಅಂತ ವಕೀಲರು ಮುಚ್ಚಿಸಿದರು. ಇಂಜಿನಿಯರು ಬಹಳ ಯೋಚಿಸಿ, ಇದು ಕೆಡವುವುದಲ್ಲ, ಪ್ರಯಾಣಿಕರಿಗೆ ಗಾಳಿ ಬೆಳಕಿನ ಸೌಲಭ್ಯ ಅಂತ ಬರೆದುಕೊಂಡ. ಅದಕ್ಕೆ ಅವನ ಮಟ್ಟದಲ್ಲೇ ಅಪ್ಪಣೆ ಕೊಡಬಹುದಂತೆ. ಈ ಹೊಳಹು ನನಗೆ ಮೊದಲೇ ಬಂದಿತ್ತು, ದೊಡ್ಡವನು ಅಂತ ಸುಮ್ಮನಿದ್ದೆ.

ಎಲ್ಲರೂ ಅಳಿಯನ ಮುಖ ನೋಡಿದೆವು, ಗೋಡೆಯ ಮೇಲಿನದಲ್ಲ, ನಿಜವಾದದ್ದು. ಅವನು ಗೋಡೆಯ ಕಡೆ ಒಮ್ಮೆ, ಮೋಡದ ಕಡೆ ಒಮ್ಮೆ ನೋಡಿ, ಮೂರನೇ ಸಲ ಶುಂಠಿಯಮ್ಮನ ಕಡೆ ನೋಡಿದ. "ತೆಗೀರಿ," ಅಂದ.

ಅವಳು ಹೊಲಕ್ಕೆ ಹೋಗಿ ಹಾರೆ ತಂದಳು. ಗೋಡೆಯ ಮುಂದೆ ನಿಂತು, ಸೆರಗು ಸಿಕ್ಕಿಸಿ, ಮರ್ಯಾದೆಯಿಂದ ಕೇಳಿದಳು, "ಮೂಗಿಂದ ಸುರು ಮಾಡ್ಲೇನಪ್ಪ, ಬಾಯಿಂದ್ಲಾ?"

"ನಿಮಗೆ ಅನುಕೂಲ ಆದ ಕಡೆಯಿಂದ ಮಾಡಿ," ಅಂದ ಅಳಿಯ, ಬೆನ್ನು ತಿರುಗಿಸಿ ನಿಂತು.

ಮಾರನೇ ದಿನವೇ ಶುಂಠಿ ಕಿತ್ತರು. ಮೊದಲ ಗೂಡ್ಸ್ ಆಟೋ ಮೂಟೆ ತುಂಬಿಕೊಂಡು ಹೊರಡುವುದನ್ನು ನೋಡಲು ನಾವೆಲ್ಲ ರಸ್ತೆಯಲ್ಲಿ ನಿಂತಿದ್ದೆವು. ಗೋಡೆಯ ಮಧ್ಯಭಾಗವೆಲ್ಲ ಹೋಗಿ, ಎಡಕ್ಕೆ ಅರ್ಧ ಮೀಸೆ, ಬಲಕ್ಕೆ ಅರ್ಧ ಮೀಸೆ ಮಾತ್ರ ಉಳಿದಿತ್ತು. ಆಟೋ ಆ ಸಂದಿಗೆ ಮೂತಿ ತೂರಿಸಿತು. ಎರಡೂ ಕಡೆ ಗೇಣು ಜಾಗವಿಲ್ಲ. ಮೊದಲ ಹನಿಗಳು ಟಪಟಪ ಬೀಳುತ್ತಿದ್ದವು. ಶುಂಠಿಯಮ್ಮ ತಲೆಯ ಮೇಲೆ ಗೋಣಿಚೀಲ ಹೊದ್ದು, ಆಟೋ ಮುಂದೆ ಹಿಂದಡಿ ಇಡುತ್ತ, ಎರಡೂ ಕೈ ಬೀಸಿ ಡ್ರೈವರಿಗೆ ದಾರಿ ತೋರಿಸುತ್ತಿದ್ದಳು.

"ಬಾ... ಬಾ... ಇನ್ನೊಸಿ ಎಡಕ್ಕೆ... ನೋಡ್ಕಂಡು ಬಾರ್ಲಾ, ಮೀಸೆಗೆ ತಗುಲ್ಸ್‌ಬ್ಯಾಡ! ಎಮ್ಮೆಲ್ಲೆ ಇಲ್ಲೇ ನಿಂತವ್ರೆ!"