ಯೂಟಿನಲ್ಲಿ ಅತ್ತೆಯ ಸೀಟು

ಗಾನವಿ: ಆಗಲ್ಲ ಅಂದ್ರೆ ಆಗಲ್ಲ ರೀ! ಸಿಂಗಲ್ ಕ್ಯಾಬ್ ಈ ಮನೆ ಮುಂದೆ ಬಂದು ನಿಲ್ಲೋ ಹಾಗಿಲ್ಲ.

ಯತೀಶ್: ಇದು ನನ್ನ ಆಸೆ ಅಲ್ಲ ಕಣೇ, ಫಿಸಿಕ್ಸು!

ಗಾನವಿ: ಫಿಸಿಕ್ಸ್‌ಗೇನು, ಅತ್ತೆ ಇದ್ದಾರಾ? ನನಗಿದ್ದಾರೆ.

(ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಒಂದು ಶನಿವಾರದ ಮಧ್ಯಾಹ್ನ. ಅಡುಗೆಮನೆ ಕಟ್ಟೆಯ ತುಂಬ ಯೂಟ್ ಗಾಡಿಗಳ ಬಣ್ಣದ ಬ್ರೋಷರುಗಳು. ಯೂಟ್ ಎಂದರೆ ಮುಂದೆ ಜನ ಕೂರುವ ಕ್ಯಾಬು, ಹಿಂದೆ ಸಾಮಾನು ಹೇರುವ ತೆರೆದ ಟ್ರೇ. ಈ ದೇಶದಲ್ಲಿ ಬಡಗಿ, ಪ್ಲಂಬರುಗಳೆಲ್ಲ ಅದರಲ್ಲೇ ಓಡಾಡುತ್ತಾರೆ. ಯತೀಶ ಬಡಗಿಯೂ ಅಲ್ಲ, ಪ್ಲಂಬರೂ ಅಲ್ಲ. ಕಂಪ್ಯೂಟರ್ ಮುಂದೆ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ತನ್ನ ತಪ್ಪು ಮಾತ್ರ ಅವನಿಗೆ ತಡವಾಗಿ ಕಾಣುತ್ತದೆ. ಹೋದ ತಿಂಗಳು ಹೆಂಡತಿಗೆ ಒಂದು ಮಾತೂ ಹೇಳದೆ ಯಾರೋ ರಿಟೈರಾದ ಗಂಡ ಹೆಂಡತಿಯಿಂದ ಹಳೆಯ ಫಿಫ್ತ್ ವೀಲರ್ ಕ್ಯಾರವಾನ್, ಅಂದರೆ ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಬಿಡಾರ, ಕೊಂಡ. ಅವರೇ ಎಳೆದು ತಂದು ಮನೆಯ ಪಕ್ಕಕ್ಕೆ ನಿಲ್ಲಿಸಿ, ಟಾಟಾ ಮಾಡಿ ಹೋದರು. ಅದನ್ನು ಎಳೆಯುವುದು ತನ್ನ ಪುಟ್ಟ ಕಾರಿನ ಕೈಲಿ ಆಗದ ಮಾತು ಎಂದು ಇವನಿಗೆ ಹೊಳೆದದ್ದು ಅವರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ. ಕ್ರಿಸ್‌ಮಸ್ ರಜೆಗೆ ಆ ಕ್ಯಾರವಾನ್ ಎಳೆದುಕೊಂಡು ಮೆಲ್ಬೋರ್ನ್‌ಗೆ, ಪಾಯಿಂಟ್ ಕುಕ್‌ನಲ್ಲಿರುವ ತಮ್ಮ ಶ್ರೀನಾಥನ ಮನೆಗೆ ಹೋಗಬೇಕು. ಯಾವ ಯೂಟ್ ಬೇಕು ಎಂದು ಡೀಲರ್ ಗ್ರೆಗ್‌ಗೆ ಇವತ್ತೇ ಹೇಳಬೇಕು.)

ಯತೀಶ್: ಸರಿ, ಕಣ್ಣಾರೆ ನೋಡು. ಈ ತರಕಾರಿ ಹೆಚ್ಚೋ ಮಣೆ ಇದ್ಯಲ್ಲ, ಇದು ಯೂಟು. ಈ ಬ್ರೆಡ್ಡು ನಮ್ಮ ಕ್ಯಾರವಾನ್ನು. ಮಾಮೂಲಿ ಕ್ಯಾರವಾನ್ ಆದ್ರೆ ಗಾಡಿ ಬಾಲಕ್ಕೆ ಕಟ್ತಾರೆ. ನಮ್ಮದು ಫಿಫ್ತ್ ವೀಲರ್. ಅದರ ಮೂತಿ ಗಾಡಿ ಬೆನ್ನ ಮೇಲೇ ಬಂದು ಕೂರುತ್ತೆ, ಹಿಂಗೆ.

ಗಾನವಿ: ಅದು ನಾಳೆ ತಿಂಡಿಗೆ ಇಟ್ಟಿರೋ ಬ್ರೆಡ್ಡು.

ಯತೀಶ್: ಈ ಕಾಫಿಪುಡಿ ಡಬ್ಬಿ ಮುಂದಿನ ಸೀಟು. ಸಿಂಗಲ್ ಕ್ಯಾಬ್ ಅಂದ್ರೆ ಇದೊಂದೇ ಡಬ್ಬಿ. ಹಿಂದೆ ಎಷ್ಟು ಜಾಗ ನೋಡು! ಬ್ರೆಡ್ಡು ಹೆಂಗೆ ಬೇಕಾದ್ರೂ ತಿರುಗುತ್ತೆ. ಈಗ ಡ್ಯುಯಲ್ ಕ್ಯಾಬ್. ಹಿಂದಿನ ಸೀಟಿಗೆ ಸಕ್ಕರೆ ಡಬ್ಬಿ ಇಟ್ಟೆ. ಟ್ರೇ ಗಿಡ್ಡ ಆಯ್ತಾ? ಈಗ ಬ್ರೆಡ್ಡು ತಿರುಗಿಸ್ತೀನಿ...

(ಬ್ರೆಡ್ಡಿನ ಮೂಲೆ ಸಕ್ಕರೆ ಡಬ್ಬಿಗೆ ತಾಗಿತು. ಡಬ್ಬಿ ಉರುಳಿ ನೆಲದ ಮೇಲೆಲ್ಲ ಸಕ್ಕರೆಯಾಯಿತು.)

ಯತೀಶ್: ನೋಡ್ದಾ? ಹಿಂದಿನ ಗಾಜು ಪುಡಿಪುಡಿ!

ಗಾನವಿ: ಆ ಸಕ್ಕರೆ ಡಬ್ಬಿ ಅಂದ್ರೆ ಯಾರು?

ಯತೀಶ್: ಅಮ್ಮ.

ಗಾನವಿ: ಥೂ, ಬಿಡ್ತು ಅನ್ನಿ!

ಯತೀಶ್: ಬಿಡ್ತು. ಅದಕ್ಕೇ ಹೇಳಿದ್ದು, ಸಿಂಗಲ್ ಕ್ಯಾಬ್. ಅದ್ರಲ್ಲಿ ಬೆಂಚ್ ಸೀಟ್ ಇರುತ್ತೆ. ಮೂರು ಜನ ಆರಾಮಾಗಿ ಕೂರಬಹುದು. ನಾನು, ಅಮ್ಮ, ನೀನು.

ಗಾನವಿ: ನಿಲ್ಲಿ ನಿಲ್ಲಿ. ನೀವು, ಅತ್ತೆ, ನಾನು. ಇದೇ ವರಸೇನಾ?

ಯತೀಶ್: ಬಾಯಿಗೆ ಬಂದ ಹಾಗೆ ಅಂದೆ ಕಣೇ.

ಗಾನವಿ: ಬಾಯಿಗೆ ಯಾವಾಗ್ಲೂ ಹಂಗೇ ಬರೋದು ನಿಮಗೆ! ಟೀವಿ ನೋಡೋವಾಗ ಸೋಫಾದಲ್ಲಿ ಮಧ್ಯ ಅತ್ತೆ. ಟ್ರೈನಲ್ಲಿ ಮಧ್ಯ ಅತ್ತೆ. ಬೀಚಲ್ಲಿ ತೆಗೆಸಿದ ಫೋಟೋದಲ್ಲೂ ನೀವು ಆ ಕಡೆ, ನಾನು ಈ ಕಡೆ, ಮಧ್ಯ ಅತ್ತೆ ಸ್ವೆಟರ್ ಹಾಕ್ಕೊಂಡು ನಿಂತಿದ್ದಾರೆ. ಈಗ ಮೆಲ್ಬೋರ್ನ್‌ವರೆಗೂ ಮಧ್ಯ ಅತ್ತೆನಾ? ಮದುವೆ ಆದ್ಮೇಲೆ ನಾವಿಬ್ರೇ ಅಂತ ಎಲ್ಲಿಗ್ರೀ ಹೋಗಿದ್ದೀವಿ?

ಯತೀಶ್: ಯಾಕೆ, ಹೋದ್ವಾರ ಪೆಂಡಲ್ ಹಿಲ್‌ಗೆ ಹೋಗಿರ್ಲಿಲ್ವಾ?

ಗಾನವಿ: ಅಕ್ಕಿ ತರೋಕೆ! ಬರ್ತಾ ಅಕ್ಕಿ ಮೂಟೆ ನನ್ನ ತೊಡೆ ಮೇಲಿತ್ತು!

ಯತೀಶ್: ಡಿಕ್ಕೀಲಿ ಕ್ಯಾರವಾನಿನ ಸ್ಟೆಪ್ನಿ ಇತ್ತಲ್ಲ ಕಣೇ...

ಗಾನವಿ: ನನಗೆ ನಿಮ್ಮ ಪಕ್ಕದಲ್ಲಿ ಕೂರ್ಬೇಕು. ಅಷ್ಟೇ. ನಿಮ್ಮ ಕ್ಯಾರವಾನ್ ಬೇಕಾಗಿಲ್ಲ, ಯೂಟ್ ಬೇಕಾಗಿಲ್ಲ. ದಾರಿಯುದ್ದಕ್ಕೂ ಗಂಡನ ಪಕ್ಕ ಕೂತ್ಕೊಂಡು, ಫ್ಲಾಸ್ಕಿಂದ ಕಾಫಿ ಬಗ್ಗಿಸಿ ಕೊಡ್ಬೇಕು. ಇದು ಅತಿಯಾಸೆನಾ?

(ಹೆಂಡತಿಯ ಈ ಮಾತಿಗೆ ಯತೀಶನ ಫಿಸಿಕ್ಸು ಕರಗಿತು. ಅವನು ತೀರ ಕಲ್ಲೆದೆಯವನಲ್ಲ, ಸ್ವಲ್ಪ ಪೆದ್ದ.)

ಯತೀಶ್: ಆಯ್ತು ಮಾರಾಯ್ತಿ. ಕ್ಯಾರವಾನ್ ಸಿಗಿಸೋ ಕೊಂಡಿ, ಹಿಚ್ಚು, ಹಿಂದಕ್ಕೆ ಜಾರೋ ಥರದ್ದು ಸಿಗುತ್ತಂತೆ, ಅದನ್ನ ಹಾಕಿಸಿದ್ರೆ ಗಾಜು ಉಳ್ಕೊಳ್ಳುತ್ತೆ. ಡ್ಯುಯಲ್ ಕ್ಯಾಬೇ ಇರ್ಲಿ. ಮುಂದೆ ನಾವಿಬ್ರು, ಹಿಂದೆ ಅಮ್ಮ. (ಫೋನಿನಲ್ಲಿ) ಹಲೋ ಗ್ರೆಗ್? ಡ್ಯುಯಲ್ ಕ್ಯಾಬ್, ಮೇಟ್. ಯೆಸ್, ಶೂರ್ ಶೂರ್!

ಗಾನವಿ: ಅಬ್ಬ! ಇರಿ, ಕಾಫಿ ಮಾಡ್ತೀನಿ. ಹಾಲಿನ ಪಾತ್ರೆ ಎಲ್ಲಿಟ್ರಿ? ಬೆಳಗ್ಗೆಯಿಂದ ಹುಡುಕ್ತಿದ್ದೀನಿ.

(ಹಿತ್ತಲ ಬಾಗಿಲಿನಿಂದ ಯತೀಶನ ತಾಯಿ ಚಿನ್ನಮ್ಮ ಒಳಗೆ ಬಂದರು. ಚನ್ನರಾಯಪಟ್ಟಣದಿಂದ ಆರು ತಿಂಗಳ ವೀಸಾದ ಮೇಲೆ ಬಂದವರು. ಬೆರಳಲ್ಲಿ ರಂಗೋಲಿ ಪುಡಿ, ಕೈಯಲ್ಲಿ ಹಾಲಿನ ಪಾತ್ರೆ.)

ಚಿನ್ನಮ್ಮ: ತಗೋಳಮ್ಮ ಪಾತ್ರೆ. ಅದ್ಯಾರು ಹಿಂದೆ ಕೂರೋದು ಅಂತಿದ್ರಿ?

ಗಾನವಿ: ನೀವೇ ಅತ್ತೆ! ಇಡೀ ಹಿಂದಿನ ಸೀಟು ನಿಮಗೊಬ್ರಿಗೇ. ಕಾಲು ಚಾಚ್ಕೊಂಡು ಮಲಗಬಹುದು.

ಚಿನ್ನಮ್ಮ: ಅಯ್ಯೋ, ಹಿಂದೆ ಕೂತ್ರೆ ನನಗೆ ವಾಂತಿ ಕಣಮ್ಮ. ಊರಲ್ಲಿ ಬಸ್ಸಲ್ಲೂ ಡ್ರೈವರ್ ಪಕ್ಕದ ಸೀಟೇ ಹಿಡೀತಿದ್ದೆ. ನಾನು ಮುಂದೆ ಕೂರ್ತೀನಿ. ನೀನು ಹಿಂದೆ ಕಾಲು ಚಾಚ್ಕೊಂಡು ಮಲಕ್ಕೋ.

(ಗಾನವಿಯ ಕೈಯಲ್ಲಿ ಪಾತ್ರೆ ಹಾಗೇ ನಿಂತಿತು.)

ಗಾನವಿ: ರೀ. ಸಿಂಗಲ್ ಕ್ಯಾಬ್.

ಯತೀಶ್: ಈಗ ತಾನೇ ಫೋನ್ ಮಾಡಿದ್ನಲ್ಲೇ!

ಗಾನವಿ: ಫಿಸಿಕ್ಸು ರೀ! ಮೂತಿ ತಿರುಗುತ್ತೆ, ಗಾಜು ಒಡೆಯುತ್ತೆ. ಇಷ್ಟೊಂದು ಸಕ್ಕರೆ ಚೆಲ್ಲಿ ತೋರ್ಸಿದ್ದು ನೀವೇ ತಾನೇ?

ಯತೀಶ್: ಜಾರೋ ಹಿಚ್ ಇದ್ಯಲ್ಲ?

ಗಾನವಿ: ಜಾರೋದನ್ನ ನಂಬ್ಕೊಂಡು ಯಾರಾದ್ರೂ ಮೆಲ್ಬೋರ್ನ್‌ಗೆ ಹೋಗ್ತಾರಾ? ಬೆಂಚ್ ಸೀಟೇ ವಾಸಿ. ಅತ್ತೆ ಕಿಟಕಿ ಪಕ್ಕ, ಗಾಳಿ ಬರುತ್ತೆ. ನಾನು ಮಧ್ಯ. ಹೆಂಗೋ ಅಡ್ಜಸ್ಟ್ ಮಾಡ್ಕೋತೀನಿ.

ಯತೀಶ್: ಮಧ್ಯದಲ್ಲಿ ಗೇರ್ ಕಡ್ಡಿ ಇರುತ್ತೆ ಕಣೇ. ಗೇರ್ ಹಾಕಿದಾಗೆಲ್ಲ ನನ್ನ ಕೈ ನಿನ್ನ ಮೊಣಕಾಲಿಗೆ ತಾಗುತ್ತೆ.

ಗಾನವಿ: ತಾಗ್ಲಿ ಬಿಡಿ.

(ಎಂದವಳು ತಾನೇ ನಾಚಿ ಹಾಲು ತರಲು ಫ್ರಿಜ್ಜಿನೊಳಗೆ ತಲೆ ಹಾಕಿದಳು. ಚಿನ್ನಮ್ಮ ಜೋರಾಗಿ ಕೆಮ್ಮಿದರು. ಯತೀಶ ಆ ಕೆಮ್ಮು ಮುಗಿಯುವುದರೊಳಗೆ ಫೋನ್ ಎತ್ತಿದ್ದ.)

ಯತೀಶ್: ಗ್ರೆಗ್, ಸಾರಿ ಮೇಟ್. ಸಿಂಗಲ್ ಕ್ಯಾಬ್. ಯೆಸ್. ಫೈನಲ್. ಥ್ಯಾಂಕ್ ಯೂ.

ಚಿನ್ನಮ್ಮ: ಮೊಣಕಾಲಿಗೆ ಏಟು ಬಿದ್ರೆ ಕಷ್ಟ. ಪಾಪ, ಎಳೇ ಹುಡುಗಿ. ನಾನೇ ಮಧ್ಯ ಕೂರ್ತೀನಿ ಬಿಡು. ಮುಂದಿನ ಗಾಜು ಕಂಡ್ರೆ ಸಾಕು, ವಾಂತಿ ಬರಲ್ಲ.

ಗಾನವಿ: (ಫ್ರಿಜ್ಜಿನೊಳಗಿಂದ) ಡ್ಯುಯಲ್ ಕ್ಯಾಬ್!

ಯತೀಶ್: ಏನಂದೆ?

ಗಾನವಿ: ಡ್ಯುಯಲ್ ಕ್ಯಾಬ್ ಅಂದೆ! ಅತ್ತೆ ಮುಂದೆ ಕೂರ್ಲಿ, ನಾನು ಹಿಂದೆ. ಆಗ ಮಧ್ಯ ಅಂತೂ ಯಾರೂ ಇರಲ್ವಲ್ಲ!

ಯತೀಶ್: ಇನ್ನೊಂದು ಸಲ ಫೋನ್ ಮಾಡಿದ್ರೆ ಗ್ರೆಗ್ಗು ಅಂಗಡಿ ಮುಚ್ಕೊಂಡು ಹೋಗ್ತಾನೆ! ಇವೆರಡರ ಮಧ್ಯದ್ದು ಇನ್ನೊಂದು ಇದೆ ನೋಡು. ಒಂದೂವರೆ ಕ್ಯಾಬು. ಹಿಂದೆ ಎರಡು ಪುಟ್ಟ ಮಡಚೋ ಸೀಟು.

ಗಾನವಿ: ಅಷ್ಟೇ ಅಷ್ಟು ಸೀಟಲ್ಲಿ ಯಾರು ಕೂರೋದು?

ಯತೀಶ್: ಅಕ್ಕಿ ಮೂಟೆ.

ಚಿನ್ನಮ್ಮ: ಅದೆಲ್ಲ ಇರ್ಲಿ. ಅಲ್ಲ, ಈ ಯೂಟು ಕೀಟು ಎಲ್ಲ ಏನನ್ನ ಎಳೆಯೋಕೆ?

ಯತೀಶ್: ಇನ್ನೇನನ್ನಮ್ಮ? ಆಚೆ ನಿಂತಿರೋ ಕ್ಯಾರವಾನ್ನ.

ಚಿನ್ನಮ್ಮ: ಅದನ್ನ ಎಳೆಯೋ ಹಾಗಿಲ್ಲ.

ಯತೀಶ್: ಯಾಕೆ?

ಚಿನ್ನಮ್ಮ: ಹಾಲು ಉಕ್ಕಿಸಿ ಆಯ್ತು.

(ಗಾನವಿ ಪಾತ್ರೆಯ ತಳ ನೋಡಿದಳು. ಕಪ್ಪಗೆ ಸೀದಿತ್ತು.)

ಯತೀಶ್: ಅಮ್ಮಾ! ಕ್ಯಾರವಾನಿಗೆ ಗೃಹಪ್ರವೇಶ ಮಾಡಿದ್ಯಾ?

ಚಿನ್ನಮ್ಮ: ಮಾಡ್ದೆ ಮತ್ತೆ! ಒಲೆ ಇದೆ, ಮಂಚ ಇದೆ, ಒಳಗೇ ಕಕ್ಕಸಿದೆ. ನೀನು ಹುಟ್ಟಿದಾಗ ನಮ್ಮನೇಲಿ ಇವು ಮೂರೂ ಇರ್ಲಿಲ್ಲ, ಆದ್ರೂ ಅದನ್ನ ಮನೆ ಅಂತಿದ್ವಿ. ಬೆಳಗ್ಗೆಯಿಂದ ಗುಡಿಸಿ ಒರೆಸಿ, ಹೊಸ್ತಿಲಿಗೆ ರಂಗೋಲಿ ಬಿಟ್ಟು, ಹಾಲು ಉಕ್ಕಿಸಿ, ದೀಪ ಹಚ್ಚಿ ಬಂದೆ.

ಯತೀಶ್: ಅದು ಗಾಡಿ ಅಮ್ಮ! ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ರೆ ಸಾಕಿತ್ತು!

ಚಿನ್ನಮ್ಮ: ಸ್ಟೇರಿಂಗ್ ಎಲ್ಲಿದೆ ತೋರ್ಸು? ಇಂಜಿನ್ ಎಲ್ಲಿದೆ? ಸ್ಟೇರಿಂಗಿಲ್ಲ, ಇಂಜಿನ್ನಿಲ್ಲ, ಅಡುಗೆಮನೆ ಇದೆ. ಅದು ಮನೆ. ಇಷ್ಟಕ್ಕೂ ಎಳೀಲೇಬೇಕು ಅಂದ್ರೆ ನಿಮ್ಮ ಮುಂದೂ ಬೇಡ, ಹಿಂದೂ ಬೇಡ. ನಾನು ನನ್ನ ಮನೆಯೊಳಗೇ ಕೂತು ಬರ್ತೀನಿ.

ಯತೀಶ್: ಓಡೋವಾಗ ಅದರೊಳಗೆ ಕೂರೋ ಹಾಗಿಲ್ಲಮ್ಮ, ಪೊಲೀಸ್ ಹಿಡೀತಾರೆ.

ಚಿನ್ನಮ್ಮ: ನನ್ನ ಮನೇಲಿ ನಾನು ಕೂತ್ರೆ ಪೊಲೀಸ್‌ಗೇನು ಹೊಟ್ಟೆನೋವು? ಹೋಗ್ಲಿ, ಅದರ ಬಾಗಿಲು ಈಗ ಪೂರ್ವಕ್ಕಿದೆ. ನೀನು ಎಳ್ಕೊಂಡು ಹೋದ್ರೆ ಅದು ಎತ್ತ ತಿರುಗುತ್ತೋ ಏನೋ. ಹಾಲು ಉಕ್ಕಿಸಿದ ಮನೆ ಬಾಗಿಲು ದಿಕ್ಕು ತಪ್ಪಬಾರ್ದು.

(ಯತೀಶನಿಗೆ ಒಂದು ದಾರಿ ಹೊಳೆಯಿತು. ಬ್ರೆಡ್ಡನ್ನು ಮತ್ತೆ ಮಣೆಯ ಮೇಲೆ ಏರಿಸಿ, ಅದರ ಎಡಗಡೆಗೆ ಒಂದು ಕರಿಬೇವಿನ ಎಲೆ ಅಂಟಿಸಿದ.)

ಯತೀಶ್: ಇದು ಬಾಗಿಲು. ಎಡಗಡೆ. ಮೆಲ್ಬೋರ್ನ್ ಇರೋದು ದಕ್ಷಿಣಕ್ಕೆ. ದಕ್ಷಿಣಕ್ಕೆ ಮುಖ ಮಾಡಿ ಹೊರಟ್ರೆ ಎಡಗಡೆ ಯಾವುದು? ಪೂರ್ವ! ಪಾಯಿಂಟ್ ಕುಕ್ ಮುಟ್ಟೋವರೆಗೂ ಬಾಗಿಲು ಪೂರ್ವಕ್ಕೇ ಇರುತ್ತಮ್ಮ, ಹೆಚ್ಚು ಕಡಿಮೆ!

ಚಿನ್ನಮ್ಮ: ಹೌದಲ್ವೋ! ಓದಿಸಿದ್ದಕ್ಕೂ ಸಾರ್ಥಕ ಆಯ್ತು. ಬರ್ತಾ?

ಯತೀಶ್: ಬರ್ತಾ...

(ಮಣೆಯನ್ನು ತಿರುಗಿಸಿದ. ಕರಿಬೇವಿನ ಎಲೆ ಪಶ್ಚಿಮಕ್ಕೆ ಹೋಗಿ ನಿಂತಿತು. ಮೂವರೂ ಅದನ್ನೇ ನೋಡಿದರು.)

ಚಿನ್ನಮ್ಮ: ಹಾಗಾದ್ರೆ ಬರೋದೇ ಬೇಡ. ಶ್ರೀನಾಥನ ಮನೆ ಪಕ್ಕದಲ್ಲೇ ಪೂರ್ವಕ್ಕೆ ನಿಲ್ಸಿಬಿಡು. ವೀಸಾ ಮುಗಿಯೋವರೆಗೂ ನಾನು ಅದರಲ್ಲೇ ಇರ್ತೀನಿ. ಬರ್ತಾ ನೀವಿಬ್ರೇ ಬನ್ನಿ.

ಗಾನವಿ: ಅಯ್ಯೋ, ಯಾಕತ್ತೆ...

ಚಿನ್ನಮ್ಮ: ಕಿಟಕಿ ತೆಗೆದೇ ಇತ್ತು ಕಣಮ್ಮ. ಮಧ್ಯ ಅತ್ತೆ, ಮಧ್ಯ ಅತ್ತೆ ಅಂತ ಎಲ್ಲಾ ಕೇಳಿಸ್ತು. ನಿಮ್ಮ ಮಧ್ಯ ಕೂರೋಕೆ ನನಗೇನು ಶೋಕಿನಾ? ಆ ಸೋಫಾದ ಎರಡು ಕಡೇಲೂ ಕುಳಿ ಬಿದ್ದಿದೆ, ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ. ಮಧ್ಯ ಒಂದೇ ಸರಿಯಾಗಿರೋದು.

(ಗಾನವಿಗೆ ನಾಚಿಕೆಯಲ್ಲಿ ನೆಲ ಸೀಳಿ ಒಳಗೆ ಹೋದರೆ ಸಾಕೆನಿಸಿತು. ಆದರೂ ಒಳಗೊಳಗೇ ಖುಷಿಯಾಗಿ, ಅದನ್ನು ಮುಚ್ಚಿಡಲು ಸಕ್ಕರೆ ಗುಡಿಸತೊಡಗಿದಳು.)

ಗಾನವಿ: ಹೋಗ್ತಾ ಕಿಟಕಿ ನಿಮಗೇ ಅತ್ತೆ. ಮಧ್ಯ ಬೇಕಾದ್ರೆ ಅದೂ ನಿಮಗೇ. ರೀ, ಗ್ರೆಗ್‌ಗೆ ಹೇಳಿದ್ದೇ ಇರ್ಲಿ, ಸಿಂಗಲ್ ಕ್ಯಾಬು.

ಯತೀಶ್: ನಿಮ್ಮಿಬ್ಬರದೂ ರಾಜಿ ಆಯ್ತು. ನನ್ನ ಗತಿ? ಕ್ಯಾರವಾನ್ ಅಲ್ಲಿ ಬಿಟ್ಟು ಬಂದ್ರೆ ನಾನು ಯೂಟ್ ತಗೊಂಡು ಏನು ಎಳೀಲಿ? ಅಮ್ಮ, ಅದು ನನ್ನ ಕ್ಯಾರವಾನ್. ನನಗೆ ವಾಪಸ್ ಬೇಕು!

ಚಿನ್ನಮ್ಮ: ಎಂಟು ವರ್ಷದ ಮಗು ಥರ ಅಳಬೇಡ. ತಗೊಂಡ್ ಬಾ, ಯಾರು ಬೇಡ ಅಂದ್ರು? ನಾನು ಶ್ರೀನಾಥನ ಮನೆಯೊಳಗೇ ಇರ್ತೀನಿ. ಬಾಗಿಲು ಪೂರ್ವಕ್ಕಿದ್ರೆ ಆಯ್ತು.

ಯತೀಶ್: ಅದು ಹೆಂಗಮ್ಮ ಸಾಧ್ಯ?

(ಚಿನ್ನಮ್ಮ ಮಣೆಯನ್ನು ಮತ್ತೆ ದಕ್ಷಿಣಕ್ಕೆ ತಿರುಗಿಸಿದರು. ಕಾಫಿ ಡಬ್ಬಿಗೆ ಒಂದು ಬೆರಳು ಒತ್ತಿ, ಬ್ರೆಡ್ಡು ಮುಂದಾಗಿ ಎಲ್ಲವನ್ನೂ ನಿಧಾನವಾಗಿ ಉತ್ತರಕ್ಕೆ ತಳ್ಳಿದರು. ಕರಿಬೇವಿನ ಎಲೆ ಪೂರ್ವ ಬಿಟ್ಟು ಕದಲಲಿಲ್ಲ.)

ಚಿನ್ನಮ್ಮ: ಹಿಂಗೆ.

ಯತೀಶ್: ರಿವರ್ಸಾ? ಮೆಲ್ಬೋರ್ನ್‌ನಿಂದ ಸಿಡ್ನಿವರೆಗೂ ರಿವರ್ಸಾ? ಅಮ್ಮ, ಮನೆ ಸೇರೋಕೆ ಒಂದು ತಿಂಗಳು ಬೇಕು!

(ಗಾನವಿ ಪೊರಕೆ ಕೆಳಗಿಟ್ಟು, ಫೋನ್ ಎತ್ತಿ ಗಂಡನ ಕೈಗೆ ಕೊಟ್ಟಳು.)

ಗಾನವಿ: ಆಗ್ಲಿ ಬಿಡ್ರೀ, ಆಫೀಸಿಗೆ ಒಂದು ತಿಂಗಳು ರಜೆ ಅಂತ ಮೆಸೇಜ್ ಹಾಕಿ. ನಾವಿಬ್ರೇ ತಾನೇ ಇರೋದು?