ಹೆಲ್ಮೆಟ್ಟಿನೊಳಗಿನ ಮೂರು ಚೀಟಿ

ಕುವೈತಿನ ಸಬ್ಹಾನ್ ಎಂಬಲ್ಲಿನ ಏಸಿ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್ ಕೀಪರ್ ಸುಕುಮಾರನಷ್ಟು ಚಂದ ಬರೆಯುವವರು ಇನ್ನೊಬ್ಬರಿರಲಿಲ್ಲ. ಆ ದಿನ ಅವನು ಕೆಟ್ಟದ್ದು ಅದರಿಂದಲೇ.

ಬೆಳಿಗ್ಗೆ ಮ್ಯಾನೇಜರ್ ಮುತ್ತಲಿಬ್ ಬಂದು, "ಡಿಸೆಂಬರಿಗೆ ಒಬ್ಬನಿಗೆ ಮಾತ್ರ ರಜೆ. ಮಧ್ಯಾಹ್ನದೊಳಗೆ ಹೆಸರು ಕೊಡಿ, ಖಲಾಸ್," ಎಂದು ಹೋದ.

ರಜೆ ಕೇಳಿದವರು ಮೂವರು. ಫೋರ್ಕ್‌ಲಿಫ್ಟ್ ಓಡಿಸುವ ಉಡುಪಿಯ ಸ್ಯಾಮುವೆಲನಿಗೆ ಕ್ರಿಸ್ಮಸ್ಸಿಗೆ ಊರಲ್ಲಿರಬೇಕು. ಗದಗಿನ ಎಲೆಕ್ಟ್ರಿಷಿಯನ್ ಸಂಗಪ್ಪನಿಗೆ ಮಗಳು ಸಾಕ್ಷಿಯ ನಿಶ್ಚಿತಾರ್ಥ. ಸುಕುಮಾರನಿಗೆ ಹನ್ನೆರಡನೇ ತಾರೀಕು ಕಾರ್ಕಳದಲ್ಲಿ ಹೊಸಮನೆಯ ಒಕ್ಕಲು. ಒಂಬತ್ತು ವರ್ಷ ಕುವೈತಿನ ಬಿಸಿಲಿಗೆ ಬೆಂದು ಕಟ್ಟಿಸಿದ ಮನೆ. ಅದರ ಹೊಸ್ತಿಲನ್ನು ಅವನು ಇದುವರೆಗೆ ಮೊಬೈಲಿನಲ್ಲಿ ಮಾತ್ರ ದಾಟಿದ್ದ.

"ಜಗಳ ಬೇಡ," ಎಂದ ಸ್ಯಾಮುವೆಲ್. "ಬೈಬಲಿನಲ್ಲೇ ಉಂಟು, ಯೂದ ಹೋದ ಮೇಲೆ ಶಿಷ್ಯರಲ್ಲಿ ಒಂದು ಜಾಗ ಖಾಲಿ ಬಿತ್ತು. ಯೋಗ್ಯರು ಇಬ್ಬರಿದ್ದರು. ಪ್ರಾರ್ಥನೆ ಮಾಡಿ ಚೀಟಿ ಹಾಕಿದರು, ಮತ್ತೀಯನಿಗೆ ಬಂತು. ಇನ್ನೊಬ್ಬ ತುಟಿಪಿಟಕ್ ಅನ್ನಲಿಲ್ಲ."

"ಅವರಿಗೆ ವಿಮಾನದ ಟಿಕೆಟ್ ಚಿಂತಿ ಇರಲಿಲ್ಲ ಬಿಡ್ರಿ," ಎಂದ ಸಂಗಪ್ಪ. "ಆಗಲಿ, ಹಾಕೂಣು. ತಮ್ಮಾ ಸುಕುಮಾರ, ನಿನ್ನ ಅಕ್ಷರ ಚಂದ ಅದಾವ, ನೀನ ಬರಿ."

ಸುಕುಮಾರ ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂತು ಮೊದಲ ಚೀಟಿಯಲ್ಲಿ ತನ್ನ ಹೆಸರು ಬರೆದ. ಬರೆದದ್ದು ಎಷ್ಟು ಮುದ್ದಾಗಿ ಬಂತೆಂದರೆ ಎರಡನೆಯದರಲ್ಲೂ ಅದನ್ನೇ ಬರೆದ. ಮೂರನೆಯದಕ್ಕೆ ನೆಪವೇನೂ ಹುಡುಕಲಿಲ್ಲ.

ಚೀಟಿಗಳು ಹಳದಿ ಹೆಲ್ಮೆಟ್ಟಿಗೆ ಬಿದ್ದವು. "ಒಮ್ಮೆ ಬಿಚ್ಚಿ ನೋಡೂಣೇನು?" ಎಂದು ಸಂಗಪ್ಪ ಕೈ ಚಾಚಿದ.

"ಪ್ರಾರ್ಥನೆಗೆ ಮೊದಲು ಬಿಚ್ಚಬಾರದು ಮಾರಾಯ್ರೆ. ಅಲ್ವಾ, ಸ್ಯಾಮುವೆಲಣ್ಣ?"

"ಇವನ ಭಕ್ತಿ ನೋಡಿ ಕಲೀರಿ," ಎಂದು ಸ್ಯಾಮುವೆಲ್ ಕಣ್ಣು ಮುಚ್ಚಿದ. ಪ್ರಾರ್ಥನೆಯಲ್ಲಿ ಸಾಕ್ಷಿಯ ನಿಶ್ಚಿತಾರ್ಥ, ಸುಕುಮಾರನ ಮನೆಯ ಗೋಡೆ, ಗೋದಾಮಿನ ಛಾವಣಿ ಎಲ್ಲವೂ ಬಂದವು. ಸುಕುಮಾರ ರಿಪೇರಿಗೆ ಬಂದ ಏಸಿಯಂತೆ ತೊಟ್ಟಿಕ್ಕುತ್ತಿದ್ದ.

ಚೀಟಿ ಎತ್ತಲು ಚಹಾದ ಕಾಸಿಂ ಕುಂಞಿಯನ್ನು ಕರೆದರು. ಅಷ್ಟರಲ್ಲಿ ಮುತ್ತಲಿಬ್ ಮತ್ತೆ ಬಾಗಿಲಲ್ಲಿ ತಲೆ ಹಾಕಿದ. "ದೊಡ್ಡ ಆರ್ಡರ್ ಜನವರಿಗೆ ಹೋಯಿತು. ಇಬ್ಬರು ಊರಿಗೆ ಹೋಗಿ, ಒಬ್ಬ ಇಲ್ಲಿದ್ದರೆ ಸಾಕು. ಯಲ್ಲಾ, ಬೇಗ."

"ಹಾಗಾದರೆ ಎರಡು ಚೀಟಿ ಎತ್ತುವ" ಎನ್ನಲು ಸುಕುಮಾರ ಬಾಯಿ ತೆರೆದ. ಎರಡರಲ್ಲೂ ಯಾರ ಹೆಸರಿದೆಯೆಂದು ನೆನಪಾಗಿ ಮುಚ್ಚಿದ.

"ಒಂದೇ ಎತ್ತುವ," ಎಂದ ಸ್ಯಾಮುವೆಲ್. "ಹೆಸರು ಬಂದವ ಇಲ್ಲೇ ಉಳಿಯುವುದು. ಹಡಗು ಬಿರುಗಾಳಿಗೆ ಸಿಕ್ಕಾಗ ನಾವಿಕರು ಹೀಗೇ ಚೀಟಿ ಹಾಕಿದ್ದು. ಯೋನನ ಹೆಸರು ಬಂತು, ಅವನನ್ನು ಸಮುದ್ರಕ್ಕೆ ಎಸೆದರು, ಗಾಳಿ ನಿಂತಿತು."

"ಬೇರೆ ಚೀಟಿ ಬರೀತೇನೆ. ಈ ಕಾಗದ ಅಷ್ಟು ಸರಿ ಇಲ್ಲ," ಎಂದ ಸುಕುಮಾರ.

"ಪ್ರಾರ್ಥನಿ ಆದ ಚೀಟಿ ಬದಲಿಸ್ತಾರೇನೋ?" ಎಂದ ಸಂಗಪ್ಪ.

ಕಾಸಿಂ ಕುಂಞಿ ಆಗಲೇ ಒಂದನ್ನು ಎತ್ತಿ ಸ್ಯಾಮುವೆಲನಿಗೆ ಕೊಟ್ಟಿದ್ದ. ಸ್ಯಾಮುವೆಲ್ ಮೆಲ್ಲಗೆ ಓದಿದ: "ಸುಕುಮಾರ."

ಉಳಿದ ಚೀಟಿಗಳತ್ತ ಸಂಗಪ್ಪನ ಕೈ ಹೋಗುವ ಮೊದಲೇ ಸುಕುಮಾರ ಎರಡನ್ನೂ ಬಾಯಿಗೆ ಹಾಕಿ, ಮೇಲೊಂದು ಲೋಟ ಚಹಾ ಸುರಿದುಕೊಂಡ.

"ಪಾಪ, ಸಂಕಟಕ್ಕ ಕಾಗದ ತಿನ್ನಾಕತ್ತಾನ," ಎಂದು ಸಂಗಪ್ಪ ಅವನ ಬೆನ್ನು ಸವರಿದ. "ಅಳಬ್ಯಾಡ ತಮ್ಮಾ. ನಿನ್ನ ಮನಿ ಒಕ್ಕಲಿಗೆ ನಾವಿಬ್ಬರೂ ಹೋಗ್ತೀವಿ."

ಸುಕುಮಾರ ಹೆಂಡತಿ ರಾಜೀವಿಗೆ ಫೋನು ಮಾಡಿ, ಕಾಗದದ ಕತೆ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ. ಅವಳು ಕೇಳಿದ್ದು ಒಂದೇ.

"ಬರುವವರಲ್ಲಿ ಒಬ್ಬರು ಎಲೆಕ್ಟ್ರಿಷಿಯನ್ ಅಂದ್ರಲ್ಲ?"

"ಹೌದು. ಸಂಗಪ್ಪಣ್ಣ."

"ಸದ್ಯ. ಬಾವಿಯ ಪಂಪು ಕೆಟ್ಟು ನಾಲ್ಕು ದಿನ ಆಯ್ತು, ಯಾರೂ ಬರುವುದಿಲ್ಲ. ಅವರನ್ನು ಎರಡು ದಿನ ಮೊದಲೇ ಕಳುಹಿಸಿ."

"ಮತ್ತೆ ನಾನು?"

"ನಿಮ್ಮನ್ನು ಮೊಬೈಲಿನಲ್ಲಿ ಎಲ್ಲ ಕೋಣೆಗೂ ತಿರುಗಿಸ್ತೇನೆ. ಹಾಲು ಉಕ್ಕಿಸುವಾಗ ಮಾತ್ರ ಹತ್ತಿರ ತರುವುದಿಲ್ಲ. ಮೊನ್ನೆಯಷ್ಟೇ ಮೊಬೈಲಿಗೆ ಹೊಸ ಗಾಜು ಹಾಕಿಸಿದ್ದು."